ಮೈಯರಿವೂ ಹೆಣ್ಣುಮಕ್ಕಳ ಶಿಕ್ಷಣವೂ

ವಾಚಕರು ಈ ಲೇಖನವನ್ನು ಮುಂದೆ ಓದುವದಕ್ಕೆ ಮೊದಲು ನಮ್ಮದೊಂದು ಸಣ್ಣ ವಿನಂತಿಯನ್ನು ನಡೆಸಿಕೊಡಬೇಕು. ಪುಸ್ತಕವನ್ನು ತೊಡೆಯ ಮೇಲಿಟ್ಟು ಎರಡೂ ಕಣ್ಣುಗಳನ್ನು ಮುಚ್ಚಿರಿ. ಬಲಗೈಯನ್ನು ಉದ್ದಕ್ಕೆ ಚಾಚಿ, ಅದರ ತೋರುಬೆರಳನ್ನು ಮೆಲ್ಲಗೆ ತಂದು ಮೂಗಿನ ತುದಿಗೆ ಮುಟ್ಟಿಸಿರಿ. ಬೆರಳು ದಾರಿ ತಪ್ಪದೆ ಮೂಗನ್ನು ಸೇರಿತಷ್ಟೆ? ಈಗ ಹೇಳಿರಿ: ಕೈ ಎಲ್ಲಿದೆ, ಮೂಗು ಎಲ್ಲಿದೆ ಎಂಬದನ್ನು ನಿಮಗೆ ತಿಳಿಸಿದವರಾರು? ಕಣ್ಣು ಮುಚ್ಚಿತ್ತು. ಕಿವಿಗೆ ಶಬ್ದವಿರಲಿಲ್ಲ, ಮೂಗಿಗೆ ವಾಸನೆಯಿರಲಿಲ್ಲ, ನಾಲಿಗೆಗೆ ರುಚಿಯಿರಲಿಲ್ಲ. ಬೆರಳು ಮುಟ್ಟಿದ ಮೇಲೆ ಚರ್ಮಕ್ಕೆ ಸ್ಪರ್ಶವು ತಿಳಿಯಿತು, ನಿಜ. ಆದರೆ ಮುಟ್ಟುವದಕ್ಕೆ ಮೊದಲು ಗಾಳಿಯಲ್ಲಿ ಕೈಗೆ ದಾರಿ ತೋರಿಸಿದ್ದು ಯಾವದು?

ಇಂದ್ರಿಯಗಳು ಐದೆಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ; ನಮಗೂ ನಮ್ಮ ಗುರುಮಾತೆಯರು ಹಾಗೆಯೇ ಹೇಳಿಕೊಟ್ಟರು. ಆ ಲೆಕ್ಕದಲ್ಲಿ ಸೇರದೆ ಉಳಿದ ಇಂದ್ರಿಯವೊಂದುಂಟು. ಅದು ಹೊರಗಿನ ಲೋಕವನ್ನು ತಿಳಿಸುವದಲ್ಲ. ನಮ್ಮ ಮೈಯನ್ನೇ ನಮಗೆ ತಿಳಿಸುವದು. ಮೊಣಕಾಲು ಎಷ್ಟು ಮಡಚಿದೆ, ಹೆಜ್ಜೆ ಎಲ್ಲಿ ಊರಿದೆ, ಕುತ್ತಿಗೆ ಯಾವ ಕಡೆಗೆ ವಾಲಿದೆ, ಕೈಯಲ್ಲಿ ಹಿಡಿದ ಕೊಡ ಎಷ್ಟು ಭಾರವಿದೆ ಎಂಬ ಸುದ್ದಿಯನ್ನು ಅದು ಎಡೆಬಿಡದೆ ಮುಟ್ಟಿಸುತ್ತಿರುವದು. ಶಾಸ್ತ್ರಜ್ಞರು ಇದನ್ನು ಪ್ರೊಪ್ರಿಯೊಸೆಪ್ಶನ್ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಇದನ್ನು ಮೈಯರಿವು ಎಂದು ಕರೆಯುವೆವು.

ಸ್ಮರಣಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ವಿಷಯಗಳು ಸಾಮಾನ್ಯವಾಗಿ ಗೊತ್ತಾದವುಗಳೇ: ಪರೀಕ್ಷೆಯ ಫಲ, ಹೊಸ ಕೊಠಡಿಗಳು, ದಾನಿಗಳಿಗೆ ಕೃತಜ್ಞತೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ನಮ್ಮ ಮನಸ್ಸನ್ನು ಬಹಳವಾಗಿ ಹಿಡಿದಿರುವದು ಈ ಮೈಯರಿವಿನ ವಿಚಾರ. ಹೆಣ್ಣುಮಕ್ಕಳ ಶಿಕ್ಷಣದಲ್ಲಿ ನಾವು ಇದಕ್ಕೆ ತಕ್ಕ ಸ್ಥಳವನ್ನು ಕೊಟ್ಟಿಲ್ಲ. ಇದ್ದ ಅಲ್ಪಸ್ಥಳವನ್ನೂ ಪರೀಕ್ಷೆಯ ಹೆಸರಿನಲ್ಲಿ ಅಷ್ಟು, ಮರ್ಯಾದೆಯ ಹೆಸರಿನಲ್ಲಿ ಅಷ್ಟು ಕಸಿದುಕೊಳ್ಳುತ್ತ ಬಂದಿದ್ದೇವೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇರುವದರಿಂದ ಮುಚ್ಚುಮರೆಯಿಲ್ಲದೆ ಬರೆಯುವೆವು.

ನಮ್ಮ ಸೀಮೆಯ ಹೆಂಗಸರಿಗೆ ಈ ಅರಿವು ಹೊಸದಲ್ಲ. ಅದರ ಹೆಸರು ಮಾತ್ರ ಹೊಸದು. ನಸುಕಿನಲ್ಲಿ ಜೋಳದ ರೊಟ್ಟಿ ಬಡಿಯುವ ತಾಯಿಯನ್ನು ನೋಡಿರಿ. ಆಕೆಯ ಕಣ್ಣು ಒಲೆಯ ಮೇಲಿನ ಹಂಚಿನ ಕಡೆಗೆ, ಮಾತು ಮಗ್ಗುಲಲ್ಲಿ ಕುಳಿತ ಮಗುವಿನ ಕಡೆಗೆ. ಕೈ ಮಾತ್ರ ತನ್ನಷ್ಟಕ್ಕೆ ತಾನು ಹಿಟ್ಟಿನ ಅಂಚನ್ನು ಸುತ್ತುತ್ತ, ದಪ್ಪವಿದ್ದಲ್ಲಿ ಬಲವಾಗಿ, ತೆಳುವಿದ್ದಲ್ಲಿ ಹಗುರಾಗಿ ಬೀಳುತ್ತದೆ. ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಮೇಲೆ ನಮ್ಮ ಮುನಿರಾಬಾದಿನಿಂದ ಎಡದಂಡೆಯ ಕಾಲುವೆಯು ಗಂಗಾವತಿಯ ಕಡೆಗೆ ಹರಿಯಿತು. ಜೋಳ ಬೆಳೆದ ನೆಲದಲ್ಲಿ ಭತ್ತ ಬಂದಿತು. ಆ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ಬೆನ್ನು ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಸಾಗುವರು. ಹಿಂದಿಡುವ ಪಾದವನ್ನು ಯಾರೂ ತಿರುಗಿ ನೋಡುವದಿಲ್ಲ. ನೋಡಿದರೂ ಕೆಸರಿನೊಳಗಿನ ಪಾದವು ಕಾಣಿಸುವದಿಲ್ಲ. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹಾಕುವವನು ಬುಟ್ಟಿಯಂತೆ ತಿರುಗುವ ಆ ದೋಣಿಯಲ್ಲಿ ಕಣ್ಣನ್ನು ಆಚೆಯ ದಡದ ಮೇಲಿಟ್ಟಿರುತ್ತಾನೆ. ಕಾಲನ್ನು ನೋಡಿಕೊಳ್ಳುವ ಕೆಲಸವನ್ನು ಕಾಲಿಗೇ ಬಿಟ್ಟಿರುತ್ತಾನೆ.

ತಲೆಯ ಮೇಲೆ ಸಿಂಬಿಯಿಟ್ಟು ಕೊಡ ಹೊತ್ತು ನಡೆಯುವವಳದು ಇದಕ್ಕಿಂತಲೂ ದೊಡ್ಡ ವಿದ್ಯೆ. ಕೀನ್ಯಾ ದೇಶದಲ್ಲಿ ತಲೆಹೊರೆ ಹೊತ್ತು ನಡೆಯುವ ಹೆಂಗಸರ ಉಸಿರನ್ನು ಅಳೆದು ನೋಡಿದ ಶಾಸ್ತ್ರಜ್ಞರು 1986ರಲ್ಲಿ ಒಂದು ಆಶ್ಚರ್ಯದ ಸಂಗತಿಯನ್ನು ಪ್ರಕಟಿಸಿದರು. ತಮ್ಮ ತೂಕದ ಐದನೆಯ ಒಂದು ಪಾಲಿನಷ್ಟು ಹೊರೆಯನ್ನು ಆ ಹೆಂಗಸರು ಬರಿಗೈಯಲ್ಲಿ ನಡೆಯುವಾಗಿನ ಶ್ರಮದಲ್ಲಿಯೇ ಹೊರುತ್ತಿದ್ದರು. ಚಿಕ್ಕಂದಿನಿಂದ ಹೊತ್ತು ಹೊತ್ತು ಅವರ ಮೈಯು ಹೆಜ್ಜೆಯ ಏರಿಳಿತವನ್ನು ವ್ಯರ್ಥಮಾಡದೆ ಬಳಸಿಕೊಳ್ಳುವದನ್ನು ಕಲಿತಿತ್ತು. ಹೊರೆಯ ದಿನಗಳು ತಿರುಗಿ ಬರಲೆಂದು ನಾವು ಬಯಸುವವರಲ್ಲ. ಮನೆಯ ಅಂಗಳಕ್ಕೆ ನಳ ಬಂದದ್ದು ಹೆಣ್ಣುಮಕ್ಕಳ ಪುಣ್ಯ. ಮೈಯೂ ಪಾಠ ಕಲಿಯುತ್ತದೆ, ಅಭ್ಯಾಸವಿದ್ದರೆ ಬಹಳ ಚೆನ್ನಾಗಿ ಕಲಿಯುತ್ತದೆ ಎಂಬಷ್ಟನ್ನೇ ಇದರಿಂದ ತೋರಿಸುವೆವು.

ಈ ಅರಿವು ಹೇಗೆ ಉಂಟಾಗುತ್ತದೆಂಬದನ್ನು ಸಂಕ್ಷೇಪವಾಗಿ ಹೇಳಬೇಕು. ಮೆದುಳಿನಿಂದ ಸ್ನಾಯುವಿಗೆ ಅಪ್ಪಣೆ ಹೋಗುವದು ಮಾತ್ರವಲ್ಲ, ಸ್ನಾಯುವಿನಿಂದ ಮೆದುಳಿಗೆ ವರದಿಯೂ ಬರುತ್ತದೆ. ಇವೆರಡೂ ಸೇರಿ ಒಂದು ವರ್ತುಲವಾಗುತ್ತದೆ ಎಂದು ಚಾರ್ಲ್ಸ್ ಬೆಲ್ ಎಂಬ ವೈದ್ಯರು 1826ರಲ್ಲಿಯೇ ಬರೆದರು. 1906ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್‌ಟನ್ ಅವರು ‘ತನ್ನದು’ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ಈಗಿನ ಹೆಸರನ್ನು ಕಟ್ಟಿದರು. ನಮ್ಮ ಸ್ನಾಯುಗಳೊಳಗೆ ನೂಲುವ ಕದಿರಿನ ಆಕಾರದ, ನಡುವೆ ದಪ್ಪನಾಗಿ ತುದಿಗಳಲ್ಲಿ ಸಣ್ಣದಾದ, ಕೆಲವೇ ಮಿಲಿಮೀಟರು ಉದ್ದದ ಅಂಗಗಳಿವೆ. ಸ್ನಾಯುವು ಎಳೆದುಕೊಂಡಾಗ ಈ ಕದಿರೂ ಎಳೆದುಕೊಂಡು, ಎಷ್ಟು ಎಳೆಯಿತು, ಎಷ್ಟು ಬೇಗನೆ ಎಳೆಯಿತು ಎಂಬದನ್ನು ನರದ ಮೂಲಕ ತಿಳಿಸುತ್ತದೆ. ಸ್ನಾಯುವು ಎಲುಬಿಗೆ ಅಂಟುವ ಕಡೆಯಲ್ಲಿ, ಇಟಲಿಯ ಕಮಿಲ್ಲೊ ಗೊಲ್ಜಿ ಅವರ ಹೆಸರನ್ನು ಪಡೆದ ಬೇರೆ ಅಂಗಗಳಿದ್ದು, ಅವು ಬಿಗುವಿನ ಬಲವನ್ನು ಅಳೆಯುವವು. ಕೀಲುಗಳೂ ಚರ್ಮವೂ ತಮ್ಮ ಸಾಕ್ಷ್ಯವನ್ನು ಕೂಡಿಸುವವು. ಈ ವರದಿಗಳೆಲ್ಲ ಬೆನ್ನುಹುರಿಯನ್ನು ಹತ್ತಿ ಮೆದುಳಿಗೂ ಅದರ ಹಿಂದೆ ಕೆಳಗಿರುವ ಅನುಮಸ್ತಿಷ್ಕಕ್ಕೂ ಹೋಗಿ ಮುಟ್ಟುತ್ತವೆ. ಕುತ್ತಿಗೆಯ ಸಣ್ಣ ಸ್ನಾಯುಗಳಲ್ಲಿ ಈ ಕದಿರುಗಳು ವಿಶೇಷವಾಗಿ ದಟ್ಟವಾಗಿರುವವೆಂಬದನ್ನು ಓದಿದಾಗ ನಮಗೆ ಕೊಡ ಹೊತ್ತವಳ ನೆನಪಾಯಿತು.

ಸ್ನಾಯುವಿನ ಎಳೆತವು ನರದ ಸುದ್ದಿಯಾಗಿ ಮಾರ್ಪಡುವದು ಹೇಗೆಂಬ ಪ್ರಶ್ನೆಗೆ ಉತ್ತರವು ದೊರೆತದ್ದು ಇತ್ತೀಚೆಗೆ. ಬೇರೂತಿನಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲೆಸಿದ ಆರ್ಡೆಮ್ ಪಟಪೂಟಿಯನ್ ಅವರೂ ಅವರ ಸಂಗಡಿಗರೂ ಪೀಜೊ ಎಂಬ ಸಸಾರಜನಕಗಳನ್ನು 2010ರಲ್ಲಿ ಕಂಡುಹಿಡಿದರು. ಪೀಜೊ-2 ಎಂಬದು ನರದ ತುದಿಯಲ್ಲಿರುವ ಬಾಗಿಲಿನಂತೆ. ಎಳೆದಾಗ ತೆರೆಯುವದು, ಬಿಟ್ಟಾಗ ಮುಚ್ಚುವದು. ಈ ಶೋಧಕ್ಕಾಗಿ ಅವರಿಗೆ 2021ರ ನೊಬೆಲ್ ಪಾರಿತೋಷಕವು ಡೇವಿಡ್ ಜೂಲಿಯಸ್ ಅವರ ಸಂಗಡ ದೊರೆಯಿತು. ಹುಟ್ಟಿನಿಂದಲೇ ಈ ಬಾಗಿಲು ಕೆಲಸ ಮಾಡದಿದ್ದ ಒಬ್ಬ ಬಾಲಿಕೆಯನ್ನೂ ಒಬ್ಬ ತರುಣಿಯನ್ನೂ ಅಮೇರಿಕೆಯ ವೈದ್ಯರು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಅವರು ಕಣ್ಣಿನ ಆಸರೆಯಿಂದ ನಡೆಯುವರು. ಕಣ್ಣಿಗೆ ಬಟ್ಟೆ ಕಟ್ಟಿದೊಡನೆ ಓಲಾಡಿ ಬೀಳುವಂತಾಗುವರು.

ಇದ್ದ ಅರಿವನ್ನು ಕಳೆದುಕೊಂಡವರ ಸ್ಥಿತಿಯು ಇನ್ನೂ ಕಷ್ಟದ್ದು. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬವರಿಗೆ 1971ರಲ್ಲಿ, 19ನೆಯ ವಯಸ್ಸಿನಲ್ಲಿ, ಒಂದು ಕಾಯಿಲೆಯ ಬೆನ್ನಲ್ಲಿ ಕುತ್ತಿಗೆಯ ಕೆಳಗಿನ ಸ್ಪರ್ಶವೂ ಮೈಯರಿವೂ ಹೋದವು. ಸ್ನಾಯುಗಳಲ್ಲಿ ಬಲವಿತ್ತು, ಆದರೆ ಕೈ ಕಾಲುಗಳು ಎಲ್ಲಿವೆಯೆಂಬದೇ ತಿಳಿಯದ್ದರಿಂದ ಎದ್ದು ಕೂಡ್ರುವದೂ ಆಗಲಿಲ್ಲ. ಅವರು ಎದೆಗುಂದದೆ, ಪ್ರತಿಯೊಂದು ಅಂಗವನ್ನೂ ಕಣ್ಣಿನಿಂದ ನೋಡುತ್ತ, ಪ್ರತಿಯೊಂದು ಚಲನೆಯನ್ನೂ ಮನಸ್ಸಿನಲ್ಲಿ ಎಣಿಸುತ್ತ, ಬಹುಕಾಲದ ಸಾಧನೆಯಿಂದ ಕೂಡ್ರುವದನ್ನೂ ನಿಲ್ಲುವದನ್ನೂ ನಡೆಯುವದನ್ನೂ ಹೊಸದಾಗಿ ಕಲಿತರು. ಅವರ ವೃತ್ತಾಂತವನ್ನು ಜೊನಾಥನ್ ಕೋಲ್ ಎಂಬ ವೈದ್ಯರು 1991ರಲ್ಲಿ ಪುಸ್ತಕವಾಗಿ ಬರೆದರು. ದೀಪವು ಆರಿ ಕತ್ತಲಾದರೆ ಮಾತ್ರ ಅವರು ನಿಂತಲ್ಲಿಯೇ ಕುಸಿಯುತ್ತಿದ್ದರು.

ಈ ಕೊನೆಯ ಸಂಗತಿಯನ್ನು ನಾವು ಮೊದಲೇ ಓದಿದ್ದರೆ ಒಬ್ಬ ಬಾಲಿಕೆಗೆ ನಮ್ಮಿಂದ ಅನ್ಯಾಯವಾಗುತ್ತಿರಲಿಲ್ಲ. ಆ ಕಥೆಯನ್ನು ಈಗ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ವಸತಿಗೃಹದಲ್ಲಿ ಇರುತ್ತಿದ್ದಳು, ಯಲಬುರ್ಗಾ ಸೀಮೆಯ ಸಣ್ಣ ಹಳ್ಳಿಯವಳು, ಮಾತು ಕಡಮೆ, ಓದು ಸಾಧಾರಣ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದರೆ ಇವಳು ಕಣ್ಣು ತೆರೆದುಕೊಂಡಿರುವಳೆಂದೂ, ಪಕ್ಕದವಳ ಭುಜಕ್ಕೆ ಆತುಕೊಳ್ಳುವಳೆಂದೂ ನಮ್ಮ ಬಳಿಗೆ ದೂರು ಬಂದಿತು. ಕರೆದು ಬುದ್ಧಿ ಹೇಳಿದೆವು. ದೂರು ನಿಲ್ಲಲಿಲ್ಲ. ಎರಡನೆಯ ಸಾರೆ ಗದರಿಸಿದೆವು. ಮೂರನೆಯ ಸಾರೆ ಇಡೀ ಶಾಲೆಯ ಎದುರಿಗೆ, ಮೆಟ್ಟಿಲಿನ ಬಳಿಯಲ್ಲಿ ಒಬ್ಬಳನ್ನೇ ನಿಲ್ಲಿಸಿ, ಕಾಲುಗಳನ್ನು ಜೋಡಿಸಿ ಕಣ್ಣು ಮುಚ್ಚಬೇಕೆಂದು ಅಪ್ಪಣೆ ಮಾಡಿದೆವು. ಮುಚ್ಚಿದಳು. ಎರಡು ಉಸಿರಿನಷ್ಟು ಹೊತ್ತೂ ಆಗಲಿಲ್ಲ. ಕೊಯ್ದ ಜೋಳದ ದಂಟಿನಂತೆ ಪಕ್ಕಕ್ಕೆ ಉರುಳಿದಳು. ಮೆಟ್ಟಿಲಿನ ಅಂಚು ಹಣೆಗೆ ತಾಗಿ ರಕ್ತ ಬಂದಿತು.

ಗಾಯಕ್ಕೆ ಪಟ್ಟಿ ಕಟ್ಟುತ್ತ, ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆವು. ಅವಳು ಅಂದ ಮಾತು ಇದು: “ಕಣ್ಣು ಮುಚ್ಚಿದ್ರ ನನ್ನ ಕಾಲು ಎಲ್ಲದಾವ ಅಂತ ಗೊತ್ತಾಗಂಗಿಲ್ರೀ ಟೀಚರ್. ಎಲ್ಲಾರಿಗೂ ಹಂಗಽ ಆಗ್ತದ ಅಂತ ತಿಳಕೊಂಡಿದ್ದೆ.”

ಆ ಮೇಲೆ ಒಂದೊಂದಾಗಿ ಹೊರಬಿದ್ದವು. ಮುಖ ತೊಳೆಯುವಾಗ ಅವಳು ಯಾವಾಗಲೂ ಒಂದು ಕೈಯನ್ನು ಗೋಡೆಗೆ ಊರಿರುತ್ತಿದ್ದಳು. ನೀರು ಬಿದ್ದೊಡನೆ ಕಣ್ಣು ಮುಚ್ಚುತ್ತದಷ್ಟೆ. ರಾತ್ರಿ ಕರೆಂಟು ಹೋದರೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ಗೆಳತಿಯರು ಪುಕ್ಕಲಿಯೆಂದು ನಗುತ್ತಿದ್ದರು. ಪಾದಗಳಲ್ಲಿ ಜುಮುಜುಮು ಎನ್ನುತ್ತಿತ್ತು. ಚಪ್ಪಲಿ ಕಾಲಿನಿಂದ ಕಳಚಿದ್ದೂ ತಿಳಿಯುತ್ತಿರಲಿಲ್ಲ. ಹೊಳೆಯಾಚೆಯ ಊರಿನ ಒಬ್ಬ ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಅವಳ ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಹಿಡಿದು, ಮೇಲಕ್ಕೆ ಎತ್ತಿದೆನೋ ಕೆಳಕ್ಕೆ ಇಳಿಸಿದೆನೋ ಹೇಳು ಎಂದರು. ಹತ್ತು ಸಾರೆಯಲ್ಲಿ ಆರು ಸಾರೆ ತಪ್ಪಿದಳು. ರಕ್ತವನ್ನು ಪರೀಕ್ಷಿಸಿದಾಗ ಬಿ-12 ಎಂಬ ಜೀವಸತ್ವವು ಬಹಳ ಕಡಮೆಯಾಗಿತ್ತು.

ಬೆನ್ನುಹುರಿಯ ಹಿಂಭಾಗದಲ್ಲಿ ಮೈಯರಿವಿನ ಸುದ್ದಿಯನ್ನು ಹೊರುವ ನರಗಳಿವೆ. ಅವುಗಳ ಹೊದಿಕೆಯು ಕೆಡದಿರಬೇಕಾದರೆ ಬಿ-12 ಬೇಕೇ ಬೇಕು. ಹಾಲು, ಮೊಸರು, ತತ್ತಿ, ಮೀನು, ಮಾಂಸಗಳಲ್ಲಿ ಇದು ದೊರೆಯುವದು. ಕಾಳುಕಡಿ ಕಾಯಿಪಲ್ಲೆಗಳಲ್ಲಿ ದೊರೆಯುವದಿಲ್ಲ. ಆ ಮನೆಯವರು ತತ್ತಿ ಮಾಂಸಗಳನ್ನು ಮುಟ್ಟುವವರಲ್ಲ. ಎರಡು ಎಮ್ಮೆಗಳಿದ್ದವು, ಆದರೆ ಹಾಲು ಡೇರಿಗೆ ಹೋಗುತ್ತಿತ್ತು, ಉಳಿದದ್ದು ಗಂಡಸರ ಚಹಕ್ಕೆ ಆಗುತ್ತಿತ್ತು. ಮಗಳ ಪಾಲಿಗೆ ರೊಟ್ಟಿಯೂ ಖಾರವೂ ಸಾಕೆಂದು ಎಲ್ಲರೂ, ಮಗಳೂ ಕೂಡಿ, ಎಣಿಸಿದ್ದರು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿಯ ಮಾತ್ರೆಯನ್ನು ಅವಳು ತಪ್ಪದೆ ನುಂಗಿದ್ದಳು. ಆ ಮಾತ್ರೆಯು ಒಳ್ಳೆಯದೇ. ಅದರಲ್ಲಿ ಕಬ್ಬಿಣವೂ ಫೋಲಿಕ್ ಆಮ್ಲವೂ ಇವೆ, ರಕ್ತಹೀನತೆಗೆ ಬೇಕಾದವು. ಆದರೆ ಬಿ-12 ಅದರಲ್ಲಿ ಇಲ್ಲ. ಅದರ ಕೊರತೆಯನ್ನು ಬೇರೆ ರೀತಿಯಿಂದಲೇ ನೀಗಿಸಬೇಕು.

ಸೂಜಿಮದ್ದಿನಿಂದ ಕೆಲವು ತಿಂಗಳುಗಳಲ್ಲಿ ಅವಳು ಚೇತರಿಸಿಕೊಂಡಳು. ಬಹಳ ಕಾಲ ಹಾಗೆಯೇ ಬಿಟ್ಟಿದ್ದರೆ ನರಗಳಿಗಾದ ಹಾನಿಯಲ್ಲಿ ಕೆಲವಂಶವು ತಿರುಗಿ ಸರಿಹೋಗುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಕಣ್ಣು ತೆರೆದದ್ದನ್ನು ನಾವು ಭಕ್ತಿಯ ಕೊರತೆಯೆಂದು ಎಣಿಸಿದೆವು; ದೇವರು ಹಾಗೆ ಎಣಿಸಿರಲಿಕ್ಕಿಲ್ಲ. ಟ್ರೇನಿಂಗ್ ಕಾಲೇಜಿನಲ್ಲಿ ನಾವು ಮನಶ್ಶಾಸ್ತ್ರವನ್ನೂ ಶರೀರಶಾಸ್ತ್ರವನ್ನೂ ಓದಿ ತೇರ್ಗಡೆಯಾದವರು. ನಿಂತುಕೊಳ್ಳುವದಕ್ಕೆ ಕಣ್ಣು, ಒಳಗಿವಿಯ ಸಮತೋಲದ ಅಂಗ, ಮೈಯರಿವು ಎಂಬ ಮೂರು ಆಸರೆಗಳುಂಟು. ಮೈಯರಿವು ಕೆಟ್ಟವರಿಗೆ ಕಣ್ಣು ಮುಚ್ಚಿಸಿದರೆ ಬೀಳುವರೆಂದು ಬರ್ಲಿನ್ನಿನ ರೋಂಬರ್ಗ್ ಎಂಬ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದರು. ಅವರು ರೋಗವನ್ನು ಗುರುತಿಸುವದಕ್ಕಾಗಿ ಮಾಡಿದ ಪರೀಕ್ಷೆಯನ್ನು ನಾವು ಶಿಕ್ಷೆಯಾಗಿ ಮಾಡಿದೆವು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮೂರು ಮಾತುಗಳನ್ನು ಪಾಲಕರ ಮುಂದೆಯೂ ಸಹಶಿಕ್ಷಕಿಯರ ಮುಂದೆಯೂ ಇಡುವೆವು.

ಮೊದಲನೆಯದು: ಮೈಯ ತಪ್ಪನ್ನು ಮನಸ್ಸಿನ ತಪ್ಪೆಂದು ತಿಳಿಯಬಾರದು. ಎಡವುವ ಹುಡುಗಿಯನ್ನು ‘ಕಣ್ಣು ಕಾಣಿಸುವದಿಲ್ಲವೆ’ ಎಂದು ಕೇಳುತ್ತೇವೆ. ಲೋಟ ಕೆಡವಿದವಳನ್ನು ‘ಲಕ್ಷ್ಯ ಎಲ್ಲಿದೆ’ ಎನ್ನುತ್ತೇವೆ. ಅಕ್ಷರ ಸೊಟ್ಟಾದವಳನ್ನು ಸೋಮಾರಿಯೆನ್ನುತ್ತೇವೆ. ಕೆಲವು ಮಕ್ಕಳಿಗೆ ಕಾಯಿಲೆ ಏನೂ ಇಲ್ಲದೆಯೇ ಕೈಕಾಲುಗಳ ಹೊಂದಾಣಿಕೆಯು ತಡವಾಗಿ ಬರುತ್ತದೆ. ನೂರು ಮಕ್ಕಳಲ್ಲಿ ಐದಾರು ಮಂದಿ ಇಂಥವರೆಂದು ಬಲ್ಲವರ ಎಣಿಕೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಒಮ್ಮೆಲೆ ಬೆಳೆಯುವರು. ಒಂದೇ ವರ್ಷದಲ್ಲಿ ಏಳೆಂಟು ಸೆಂಟಿಮೀಟರು ಎತ್ತರವಾಗುವದುಂಟು. ಆ ಕಾಲದಲ್ಲಿ ಕೆಲವರಿಗೆ ತಮ್ಮ ಕೈಕಾಲುಗಳೇ ತಮಗೆ ಹೊಸವಾಗಿ ತೋರುವವು. ಹೋದ ವರ್ಷ ಸರಿಯಾಗಿ ದಾಟಿದ ಹೊಸ್ತಿಲು ಈ ವರ್ಷ ಬೆರಳಿಗೆ ತಾಗುವದು. ಇಂಥವಳಿಗೆ ಬೇಕಾದದ್ದು ಬೈಗಳಲ್ಲ, ಕಾಲಾವಕಾಶವೂ ಅಭ್ಯಾಸವೂ. ಆದರೆ ಎಡವುವದು ದಿನೇ ದಿನೇ ಹೆಚ್ಚಾದರೆ, ಕತ್ತಲಲ್ಲಿ ಹೆಜ್ಜೆ ತಪ್ಪಿದರೆ, ಪಾದಗಳು ಜುಮುಗುಟ್ಟಿದರೆ ದೃಷ್ಟಿ ತೆಗೆಯುತ್ತ ಕೂಡ್ರದೆ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಎಮ್ಮೆಯಿದ್ದರೆ ಮಗಳಿಗೂ ಒಂದು ಬಟ್ಟಲು ಮೊಸರು ಉಳಿಯಬೇಕು. ಮನೆಯ ಹಿರಿಯರಿಗೂ ಇದು ಅನ್ವಯಿಸುವದು. ಸಕ್ಕರೆಕಾಯಿಲೆಯು ಬಹುಕಾಲ ಇದ್ದರೆ ಪಾದದ ಅರಿವು ಕುಂದುವದು. ರಾತ್ರಿ ಎದ್ದ ಅಜ್ಜಿ ಬಿದ್ದು ಎಲುಬು ಮುರಿದುಕೊಳ್ಳುವದಕ್ಕೆ ಇದೂ ಒಂದು ಕಾರಣ.

ಎರಡನೆಯದು: ಕವಾಯತಿನ ತಾಸನ್ನು ಪರೀಕ್ಷೆಗೆ ಬಲಿ ಕೊಡಬಾರದು. ಹತ್ತನೆಯ ತರಗತಿಗೆ ಬಂದೊಡನೆ ಆಟದ ತಾಸಿನಲ್ಲಿ ಗಣಿತ, ಡ್ರಿಲ್ಲಿನ ತಾಸಿನಲ್ಲಿ ವಿಜ್ಞಾನ. ಈ ಪದ್ಧತಿಯು ಎಷ್ಟೋ ಶಾಲೆಗಳಲ್ಲಿ ನಡೆದು ಬಂದಿದೆ, ನಮ್ಮಲ್ಲಿಯೂ ನಡೆದಿತ್ತು. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಾಲು ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂಬದು ಜಾಗತಿಕ ಆರೋಗ್ಯ ಸಂಸ್ಥೆಯ ಸಲಹೆ. 2016ರ ಅಂಕಿಗಳನ್ನು ಕೂಡಿಸಿ ಆ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲೋಕದಲ್ಲಿ ಹನ್ನೊಂದರಿಂದ ಹದಿನೇಳರ ನಡುವಿನ ನೂರು ಹುಡುಗರಲ್ಲಿ 78 ಮಂದಿಗೂ, ನೂರು ಹುಡುಗಿಯರಲ್ಲಿ 85 ಮಂದಿಗೂ ಇಷ್ಟು ಆಟ ದೊರೆಯುತ್ತಿರಲಿಲ್ಲ. ಆಟದಿಂದ ಅಂಕಗಳು ಬರುವವೆ ಎಂದು ಕೇಳುವ ತಂದೆಯವರಿಗೆ ನಮ್ಮ ಉತ್ತರವಿದು: ಲೇಖಣಿಯನ್ನು ಹಿಡಿಯುವ ಬೆರಳು, ಮೂರು ತಾಸು ಬಾಗದೆ ಕುಳಿತಿರಬೇಕಾದ ಬೆನ್ನು, ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆಯನ್ನು ಎತ್ತುವ ಕೈ, ಇವೆಲ್ಲವೂ ಮೈಯೇ. ಮೈಯನ್ನು ಮನೆಯಲ್ಲಿ ಬಿಟ್ಟು ಬುದ್ಧಿಯನ್ನು ಮಾತ್ರ ಪರೀಕ್ಷೆಗೆ ಕಳಿಸಲಿಕ್ಕೆ ಬರುವದಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಕುಂಟಾಬಿಲ್ಲೆ ಆಡುವದಕ್ಕೆ ಒಂದು ಹಂಚಿನ ತುಂಡೂ ನಾಲ್ಕು ಗೆರೆಗಳೂ ಸಾಕು; ಒಂಟಿಕಾಲಿನಲ್ಲಿ ಜಿಗಿದು ಗೆರೆ ತುಳಿಯದೆ ನಿಲ್ಲುವದಕ್ಕಿಂತ ಒಳ್ಳೆಯ ಮೈಯರಿವಿನ ಪಾಠವು ಯಾವ ಪುಸ್ತಕದಲ್ಲಿಯೂ ಇಲ್ಲ. ಪಾದ ಉಳುಕಿದವರಿಗೆ ವೈದ್ಯರು ನೋವು ಇಳಿದ ಮೇಲೆ ಮಾಡಿಸುವ ಅಭ್ಯಾಸವೂ ಇದೇ: ಒಂಟಿಕಾಲಿನಲ್ಲಿ ನಿಲ್ಲುವದು, ಯಾಕಂದರೆ ಉಳುಕಿದ ಕೀಲಿನಲ್ಲಿ ಅರಿವೂ ಮಂದವಾಗಿರುವದು, ಅದನ್ನು ತಿರುಗಿ ಎಬ್ಬಿಸದಿದ್ದರೆ ಅದೇ ಪಾದವು ಮತ್ತೆ ಉಳುಕುವದು. ಖೊ ಖೊ ಆಟದಲ್ಲಿ ಬೆನ್ನಿಗೆ ಬಿದ್ದ ಒಂದು ಸ್ಪರ್ಶದಿಂದ ಕುಳಿತವಳು ಎದ್ದು, ತಿರುಗಿ, ಓಡಬೇಕು; ಕಾಲನ್ನು ನೋಡಿಕೊಳ್ಳುವದಕ್ಕೆ ಸಮಯವೆಲ್ಲಿ? 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೊ ಖೊ ವಿಶ್ವಕಪ್ಪನ್ನು ನಮ್ಮ ದೇಶದ ಹೆಣ್ಣುಮಕ್ಕಳು ಗೆದ್ದರು. ಆ ಪಂಗಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಎಂಬ ಕನ್ನಡದ ಹುಡುಗಿಯೂ ಇದ್ದಳು. ಹಳ್ಳಿಯ ಅಂಗಳದ ಆಟವು ಎಲ್ಲಿಗೆ ಮುಟ್ಟಿಸಬಲ್ಲದೆಂಬದಕ್ಕೆ ಇಷ್ಟು ಸಾಕು.

ಹುಟ್ಟಿನಿಂದ ಬಲವಾದ ಮೈಯಿದ್ದವರಿಗೆ ಮಾತ್ರ ಇದು ಸಾಧ್ಯವೆಂದು ಯಾರೂ ತಿಳಿಯಬಾರದು. ಬಿ. ಕೆ. ಎಸ್. ಅಯ್ಯಂಗಾರರು 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯಗಳಿಂದ ನರಳಿ ಕಡ್ಡಿಯಂತಾಗಿದ್ದ ಬಾಲಕ. 1934ರಲ್ಲಿ ಮೈಸೂರಿಗೆ ಹೋಗಿ ತಮ್ಮ ಅಕ್ಕನ ಪತಿಯಾದ ಕೃಷ್ಣಮಾಚಾರ್ಯರ ಬಳಿಯಲ್ಲಿ ಯೋಗವನ್ನು ಕಲಿತರು. ಮುಂದೆ ಅವರು ಲೋಕಕ್ಕೆ ಕಲಿಸಿದ ಪದ್ಧತಿಯ ತಿರುಳೆಂದರೆ, ಪ್ರತಿಯೊಂದು ಅಂಗವೂ ಎಲ್ಲಿ ಹೇಗೆ ನಿಂತಿದೆಯೆಂಬದನ್ನು ಅರಿತು ನಿಲ್ಲುವದು. ಅರಿವು ಮುಟ್ಟದವರಿಗೆ ಹಗ್ಗ, ಪಟ್ಟಿ, ಮರದ ತುಂಡುಗಳ ಆಸರೆ ಕೊಟ್ಟು ಮುಟ್ಟಿಸುವದು. 2014ರಲ್ಲಿ, 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಸನಗಳನ್ನು ಕಲಿಯುವದು ಬಿಡುವದು ಅವರವರ ಇಚ್ಛೆ. ಬಲಹೀನವಾದ ಮೈಗೂ ಅರಿವನ್ನು ಕಲಿಸಲಿಕ್ಕೆ ಬರುತ್ತದೆ ಎಂಬದು ಮಾತ್ರ ಎಲ್ಲರಿಗೂ ಸೇರಿದ ಪಾಠ.

ಮೂರನೆಯ ಮಾತನ್ನು ಬರೆಯುವದು ಕಠಿಣ. ಆದರೂ ಹೆಂಗಸರಾದ ನಾವೇ ಬರೆಯದಿದ್ದರೆ ಮತ್ತಾರು ಬರೆಯಬೇಕು? ಐದನೆಯ ತರಗತಿಯವರೆಗೆ ಹುಡುಗರ ಸರಿಸಮನಾಗಿ ಓಡಿದ ಬಾಲಿಕೆಯು ಪ್ರಾಯಕ್ಕೆ ಬಂದೊಡನೆ ಮನೆಯವರ ಅಪ್ಪಣೆಗಳು ಆರಂಭವಾಗುವವು: ಓಡಬೇಡ, ಜಿಗಿಯಬೇಡ, ಕೈ ಬೀಸಿ ನಡೆಯಬೇಡ, ಮೈ ಮುದುಡಿ ಕುಳಿತುಕೋ. ತಾಯಂದಿರ ಅಂಜಿಕೆಗೆ ಕಾರಣಗಳಿವೆಯೆಂದು ನಾವು ಬಲ್ಲೆವು. ದಾರಿಯಲ್ಲಿ ಹೋಗುವವರ ಕಣ್ಣು ಎಂಥದೆಂಬದನ್ನೂ ಬಲ್ಲೆವು. ಆದರೆ ಫಲವೇನಾಗುತ್ತದೆಂಬದನ್ನು ವಿಚಾರಿಸಿರಿ. ಮೈಯು ಬೆಳೆದು ಹೊಸದಾದ ಕಾಲದಲ್ಲಿಯೇ, ಅದನ್ನು ಚಲಿಸಿ ಚಲಿಸಿ ಪರಿಚಯ ಮಾಡಿಕೊಳ್ಳಬೇಕಾದ ಕಾಲದಲ್ಲಿಯೇ, ನಾವು ಚಲನೆಯನ್ನು ನಿಲ್ಲಿಸುತ್ತೇವೆ. ಅವಳು ಒಳಗಿನಿಂದ ತನ್ನ ಮೈಯನ್ನು ಅರಿಯುವದನ್ನು ಬಿಟ್ಟು, ಹೊರಗಿನವರ ಕಣ್ಣಿನಿಂದ ತನ್ನ ಮೈಯನ್ನು ನೋಡಿಕೊಳ್ಳುವದನ್ನು ಕಲಿಯುತ್ತಾಳೆ. ವೇದಿಕೆಯ ಮೇಲೆ ನಿಂತಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗನ್ನೋ ದುಪಟ್ಟಾವನ್ನೋ ಹಿಂಡುವ ಜಾಣೆಯರನ್ನು ನಾವು ಎಷ್ಟೋ ಮಂದಿ ಕಂಡಿದ್ದೇವೆ. ನಾಚಿಕೆಯೆಂದು ನಾವು ಹೊಗಳುವದರಲ್ಲಿ ಎಷ್ಟು ಪಾಲು ಸುಶೀಲತೆ, ಎಷ್ಟು ಪಾಲು ಅಭ್ಯಾಸ ತಪ್ಪಿದ ಮೈಯ ಅಳುಕು ಎಂಬದನ್ನು ಬೇರ್ಪಡಿಸಿ ನೋಡಬೇಕು. ಸುಶೀಲತೆಯು ಇರಲಿ, ಅಳುಕು ಹೋಗಲಿ.

ಮನೆಗೆಲಸವೇ ಹೆಣ್ಣುಮಕ್ಕಳಿಗೆ ವ್ಯಾಯಾಮವೆಂದು ಹೇಳುವವರುಂಟು. ರೊಟ್ಟಿ ಬಡಿಯುವ ಕೈಯನ್ನು ನಾವೇ ಮೇಲೆ ಹೊಗಳಿದ್ದೇವೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳುವದಿಲ್ಲ. ಆದರೆ ಆ ಕೆಲಸಗಳು ಹೆಚ್ಚಾಗಿ ಬಗ್ಗಿ ಮಾಡುವವು, ಕುಳಿತು ಮಾಡುವವು. ಎತ್ತರಕ್ಕೆ ಜಿಗಿಯುವದು, ವೇಗದಿಂದ ಓಡಿ ಒಮ್ಮೆಲೆ ನಿಲ್ಲುವದು, ಬಿದ್ದು ಪೆಟ್ಟಾಗದಂತೆ ಏಳುವದು ಅವುಗಳಲ್ಲಿ ಇಲ್ಲ. ಅಲ್ಲದೆ ಕೆಲಸವು ಬೇರೆಯವರಿಗಾಗಿ ಮಾಡುವದು. ಆಟವು ತನಗಾಗಿ ಆಡುವದು. ತನ್ನ ಮೈಯು ತನ್ನದೆಂಬ ಭಾವನೆಯು ಹೆಣ್ಣುಮಗುವಿಗೆ ಆಟದಲ್ಲಿ ದೊರೆಯುವಷ್ಟು ಬೇರೆ ಯಾವದರಲ್ಲಿಯೂ ದೊರೆಯುವದಿಲ್ಲ. ಶೆರಿಂಗ್‌ಟನ್ನರು ಆರಿಸಿದ ಶಬ್ದದ ಅರ್ಥವು ‘ತನ್ನದು’ ಎಂದೇ ಆಗಿರುವದನ್ನು ಇಲ್ಲಿ ಮತ್ತೊಮ್ಮೆ ನೆನಪಿಸುವೆವು.

ಬೇರೆಯವರಿಗೆ ಹೇಳಿ ತಾವು ಮಾಡದಿರುವದು ಶಿಕ್ಷಕಿಯರಿಗೆ ಶೋಭಿಸುವದಿಲ್ಲ. ಆದಕಾರಣ ನಮ್ಮ ಶಾಲೆಯಲ್ಲಿ ಮೂರು ನಿಯಮಗಳನ್ನು ಮಾಡಿದ್ದೇವೆ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವದು ಬಿಡುವದು ಅವರವರಿಗೆ ಸೇರಿದ್ದು. ಹತ್ತನೆಯ ತರಗತಿಯ ಆಟದ ತಾಸುಗಳನ್ನು ಯಾವ ಶಿಕ್ಷಕಿಯೂ, ಮುಖ್ಯೋಪಾಧ್ಯಾಯಿನಿಯೂ ಕೂಡ, ಪಾಠಕ್ಕಾಗಿ ತೆಗೆದುಕೊಳ್ಳತಕ್ಕದ್ದಲ್ಲ. ವರ್ಷಾರಂಭದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯನ್ನೂ ಪಾದ ಜೋಡಿಸಿ, ಕಣ್ಣು ಮುಚ್ಚಿಸಿ, ಅರ್ಧ ನಿಮಿಷ ನಿಲ್ಲಿಸಿ ನೋಡುವದು. ಈ ಸಾರೆ ಒಬ್ಬ ಶಿಕ್ಷಕಿಯು ಅವಳ ಮಗ್ಗುಲಲ್ಲಿಯೇ, ಕೈಗಳನ್ನು ಚಾಚಿಕೊಂಡು, ನಿಂತಿರುವಳು. ಓಲಾಡಿದವರ ಪಾಲಕರಿಗೆ ಅದೇ ದಿನ ಚೀಟಿ ಹೋಗುವದು. ಅಂಥ ಚೀಟಿಯು ಮನೆಗೆ ಬಂದರೆ ಪಾಲಕರು ಸಿಟ್ಟಾಗದೆ, ಮಗಳನ್ನು ಬೈಯದೆ, ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಕೈಮುಗಿದು ಬೇಡಿಕೊಳ್ಳುವೆವು.

ಆ ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ ನಮ್ಮನ್ನು ಬೀಳ್ಕೊಳ್ಳಲಿಕ್ಕೆ ಬಂದಾಗ, ಮೆಟ್ಟಿಲುಗಳನ್ನು ಗಮನಿಸದೆ, ಗೆಳತಿಯ ಸಂಗಡ ಮಾತನಾಡುತ್ತ ಇಳಿದು ಹೋದಳು. ಹಣೆಯ ಮೇಲಿನ ಗುರುತು ಮಾಸಿರಲಿಲ್ಲ. ನಾವು ಅವಳಲ್ಲಿ ಕ್ಷಮೆ ಕೇಳಿದ್ದೆವು. ಅವಳು ನಕ್ಕು, ಮರೆತುಬಿಟ್ಟಿದ್ದೆನೆಂದು ಹೇಳಿದಳು. ನಾವು ಮರೆತಿಲ್ಲ. ಮರೆಯಬಾರದೆಂದೇ ಇದನ್ನು ಈ ಸಂಚಿಕೆಯಲ್ಲಿ ಬರೆದಿಟ್ಟಿದ್ದೇವೆ.